ಮನೆ ನೋಡುವ ಮೊದಲೇ ಹಾಕಿದ ಸಹಿ

ನನ್ನ ಮಗಳಿಗೆ ಮನೆ ಸಾಲ ಮಂಜೂರಾಯಿತು. ಇದನ್ನು ಮೊದಲು ಹೇಳಿಬಿಡುತ್ತೇನೆ. ಇದನ್ನು ಹೇಳದೆ ಉಳಿದದ್ದನ್ನು ಬರೆಯಲು ನನಗೆ ಕೈಯೇ ಓಡುವುದಿಲ್ಲ.

ಬ್ಯಾಂಕಿನ ಕಾಗದ ಬಂದ ದಿನ ನಾನು ಕೂಡ್ಲಿಗಿ ಬಸ್ಸಿನಿಂದ ಕೊಟ್ಟೂರಿನಲ್ಲಿ ಇಳಿದು ಮಗಳ ಬಾಡಿಗೆ ಮನೆಗೆ ಹೋದಾಗ, ಮೂರು ವರ್ಷದ ನನ್ನ ಮೊಮ್ಮಗಳು ಆ ಕಾಗದವನ್ನು ತಲೆ ಮೇಲೆ ಹೊತ್ತುಕೊಂಡು ಅಂಗಳದಲ್ಲಿ ಸುತ್ತು ಹಾಕುತ್ತಿದ್ದಳು. ಅಳಿಯ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ, ಹರಿದೀತು ಹರಿದೀತು ಎನ್ನುತ್ತ ಅವಳ ಹಿಂದೆ ಓಡುತ್ತಿದ್ದ. ಮಗಳು ಹೊಸ್ತಿಲ ಮೇಲೆ ಕೂತು ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಬಾಯಿಗೆ ಅಡ್ಡ ಇತ್ತು. ನಾನು ಕೈಚೀಲ ಎಲ್ಲಿ ಇಟ್ಟೆನೋ ನೆನಪಿಲ್ಲ. ಮೊಮ್ಮಗಳನ್ನು ಕಾಗದದ ಸಮೇತ ಎತ್ತಿಕೊಂಡು ಮುತ್ತು ಕೊಟ್ಟೆ. ಕಾಗದಕ್ಕೂ ಒಂದು ಕೊಟ್ಟೆ.

ಮನೆ ಇನ್ನೂ ಇರಲಿಲ್ಲ. ಯಾವ ಊರಲ್ಲಿ, ಯಾವ ಓಣಿಯಲ್ಲಿ ಅಂತಲೂ ಗೊತ್ತಿರಲಿಲ್ಲ. ನಿನಗೆ ಇಷ್ಟರವರೆಗೆ ಸಾಲ ಕೊಡುತ್ತೇವೆ, ಆರು ತಿಂಗಳೊಳಗೆ ಮನೆ ಗೊತ್ತು ಮಾಡಿಕೋ ಅಂತ ಬ್ಯಾಂಕಿನವರು ಬರೆದ ಕಾಗದ ಅಷ್ಟೇ. ಆದರೂ ಆವತ್ತು ನನಗೆ ಆದ ಸಂತೋಷ, ಮುಂದೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಾಗಲೂ ಅಷ್ಟು ಆಗಲಿಲ್ಲ.

ಇಂಥ ಸುದ್ದಿ ಹೇಳಿದ ಬಾಯಲ್ಲೇ ಈಗ ಹೇಸಿಗೆಯ ಮಾತು ಹೇಳಬೇಕಾಗಿದೆ. ನಾನು ನಾಲ್ಕನೇ ಇಯತ್ತೆ ಓದಿದವಳು. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾನು ಕೂಡ್ಲಿಗಿಯ ಸರಕಾರಿ ಆಸ್ಪತ್ರೆಯಲ್ಲಿ ಕಸ ಗುಡಿಸಿ ಪಾಯಖಾನೆ ತೊಳೆಯುತ್ತಿದ್ದೆ. ಗಂಡ ತೀರಿಕೊಂಡ ವರ್ಷ ಸೇರಿದ್ದು. ಕಾಯಂ ಕೆಲಸ. ಹೆರಿಗೆ ಕೋಣೆಯ ಬಕೆಟ್ಟು, ವಾಂತಿ ಭೇದಿಯವರ ಹಾಸಿಗೆ, ಹುಣ್ಣು ಕಟ್ಟಿದ ಬಟ್ಟೆ, ಎಲ್ಲವನ್ನೂ ಈ ಕೈಯಿಂದ ಎತ್ತಿದ್ದೇನೆ. ಅದರಲ್ಲಿ ಒಂದಕ್ಕೂ ನನಗೆ ಹೇಸಿಗೆ ಬಂದದ್ದಿಲ್ಲ. ಪಾಪ, ಕಾಯಿಲೆಯವರು, ಬೇಕೆಂದು ಮಾಡಿದ್ದಲ್ಲ. ಎರಡು ಕೊಡ ನೀರು, ಒಂದು ಮುಚ್ಚಳ ಫಿನಾಯಿಲು ಹಾಕಿದರೆ ನೆಲ ಮತ್ತೆ ನೆಲವೇ. ಹೇಸಿಗೆ ಅಂದರೆ ಏನು ಅಂತ ನಾನು ಕಲಿತದ್ದು ಮಗಳಿಗೆ ಮನೆ ಮಾಡಲು ಹೊರಟ ಮೇಲೆ, ಇಸ್ತ್ರಿ ಬಟ್ಟೆ ಹಾಕಿದವರ ನಡುವೆ.

ಆಸ್ಪತ್ರೆಯ ಸಂಬಳದಲ್ಲೇ ಮಗಳನ್ನು ಓದಿಸಿದೆ. ಅವಳು ಕೊಟ್ಟೂರಿಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರಾದಳು. ಅಳಿಯ ಕೊಟ್ಟೂರಿನಲ್ಲಿ ಬಟ್ಟೆ ಹೊಲಿಯುವವನು, ಮೃದು ಮನುಷ್ಯ. ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಕೇಳುತ್ತಿದ್ದುದು ಒಂದೇ, ನೀವು ಯಾವ ಮಂದಿ ಅಂತ. ಖರೆ ಹೇಳಿದ ಮನೆಗಳಲ್ಲಿ ಬೀಗದ ಕೈ ಮತ್ತೆ ಸೊಂಟಕ್ಕೆ ಹೋಗುತ್ತಿತ್ತು. ಕಡೆಗೆ ಒಂದು ಕಡೆ ಖರೆ ಹೇಳದೆ ಮನೆ ಹಿಡಿದರು. ಹಾಗೆ ಹಿಡಿದ ಮೇಲೆ ನನ್ನ ಕೆಲಸವನ್ನೂ ಮುಚ್ಚಿಡಬೇಕಾಯಿತು. ಆಸ್ಪತ್ರೆ ಗುಡಿಸುವವಳ ಮಗಳು ಅಂದರೆ ಉಳಿದದ್ದೆಲ್ಲ ತಾನಾಗಿಯೇ ಗೊತ್ತಾಗುತ್ತದಲ್ಲ. ಹಾಗಾಗಿ ಕೊಟ್ಟೂರಿನ ಆ ಓಣಿಯಲ್ಲಿ ನಾನು ಮನೆಗೆಲಸ ಮಾಡಿಕೊಂಡು ಕೂಡ್ಲಿಗಿಯಲ್ಲಿರುವ ಅವ್ವ. ಶನಿವಾರ ಬಸ್ಸು ಹತ್ತುವ ಮೊದಲು ಆಸ್ಪತ್ರೆಯ ನೀಲಿ ಸೀರೆ ಬಿಚ್ಚಿ, ಸೀಗೆಕಾಯಿ ಹಾಕಿ ಮೈ ತಿಕ್ಕಿ, ಫಿನಾಯಿಲು ವಾಸನೆ ಹೋಯಿತೋ ಇಲ್ಲವೋ ಅಂತ ಮೊಣಕೈ ಮೂಸಿ ನೋಡಿಕೊಂಡು ಹೊರಡುತ್ತಿದ್ದೆ. ಮನೆ ಮಾಲಕಿ ಎದುರಾದರೆ ಎರಡು ಮಾರು ದೂರ ನಿಂತೇ ಮಾತಾಡುತ್ತಿದ್ದೆ.

ಸ್ವಂತ ಮನೆ ಆದರೆ ಈ ಗೋಳು ಇರುವುದಿಲ್ಲ ಅಂತ ಮೊದಲು ಅಂದವಳು ನಾನೇ. ಮೊದಲು ಕೆಡಿಸಿದವಳೂ ನಾನೇ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಅಂತ ಕೇಳಿ ನೋಡಲು ಹೋದೆವು. ಸಾಗುವಾನಿ ಬಾಗಿಲು, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಬಾವಿ ನೋಡಿ ನನಗೆ ತಲೆ ನಿಲ್ಲಲಿಲ್ಲ. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಮನೆ ಒಪ್ಪಿಗೆಯಾದರೆ ಅಲ್ಲೇ ಎಲೆ ಅಡಿಕೆ ಮೇಲೆ ಸಂಚಕಾರ ಅಂತ ಮುಂಗಡ ರೊಕ್ಕ ಇಟ್ಟು ಕೊಡುವುದು, ರೊಕ್ಕ ಎಲ್ಲಿಂದ ಅನ್ನುವುದನ್ನು ಆಮೇಲೆ ನೋಡುವುದು. ಕಿವಿಯೋಲೆ ಮಾರಿ ಇಟ್ಟಿದ್ದ ರೊಕ್ಕವನ್ನು ಸಂಚಕಾರ ಕೊಟ್ಟುಬಿಟ್ಟೆ. ಎರಡು ತಿಂಗಳ ಗಡುವು. ಬ್ಯಾಂಕಿಗೆ ಹೋದರೆ ಮನೆಯ ಪತ್ರ ತನ್ನಿ ಅಂದರು. ಮನೆ ಮಾರುವವನ ಹತ್ತಿರ ಹೋದರೆ, ರೊಕ್ಕ ತೋರಿಸು, ಪತ್ರ ತೋರಿಸ್ತೀನಿ ಅಂದ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗುವುದರಲ್ಲಿ ಗಡುವು ಮುಗಿಯಿತು. ಅವನು ಮನೆಯನ್ನು ಬೇರೆಯವರಿಗೆ ಬರೆದುಕೊಟ್ಟು, ಸಂಚಕಾರ ನುಂಗಿ, ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದ.

"ಎಲಿ ಅಡಿಕಿ ಮ್ಯಾಲ ಆದ ಮಾತು ಬೇ," ಅಂದ. "ಮಾತು ತಪ್ಪಿದಾಕಿ ನೀನು. ನಾ ಅಲ್ಲ."

ಹಲ್ಲಿನಿಂದ ಬಂದದ್ದನ್ನು ಬೆರಳಲ್ಲಿ ತೆಗೆದು ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ. ನಾವು ಚಹಾ ಕುಡಿದ ಲೋಟಗಳನ್ನು, ನಾವು ಅಲ್ಲೇ ಕೂತಿರುವಾಗಲೇ, ಅವನ ಹೆಂಡತಿ ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಆ ಬೆರಳು ಶುದ್ಧ, ನಮ್ಮ ತುಟಿ ಮೈಲಿಗೆ. ಬಸ್ಸಿನಲ್ಲಿ ಬರುವಾಗ ಸೆರಗಿನಿಂದ ತುಟಿ ಒರೆಸಿಕೊಂಡೆ. ಕಿಟಕಿ ಕಡೆ ಮುಖ ಮಾಡಿ ಕೂತೆ.

ಮಗಳು ಮನೆಗೆ ಬಂದು ಚಪ್ಪಲಿ ಬಿಡುತ್ತ ಇಷ್ಟೇ ಹೇಳಿದಳು.

"ಇನ್ನ ಮನಿ ನೋಡಾಕ ಹೋಗೂದು ಬ್ಯಾಡ ಯವ್ವ. ಮೊದಲು ಬ್ಯಾಂಕಿನ ಕಾಗದ ಕೈಯಾಗ ಬರ್ಲಿ. ಅದನ್ನ ಹಿಡಕೊಂಡ ಮ್ಯಾಲ ಅಂಗಳದಾಗ ಕಾಲಿಡೂಣು. ರೊಕ್ಕ ಕಂಡವ್ರು ಯಾವ ಮಂದಿ ಅಂತ ಕೇಳೂದು ಕಡಿಮಿ."

ಅವಳ ಶಾಲೆಯಲ್ಲಿ ಇದು ದೊಡ್ಡ ನಗೆಯಾಯಿತು. ಹೆಣ್ಣು ನೋಡುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದಾಳೆ ಅಂತ ಜೊತೆಯ ಮೇಷ್ಟ್ರು ಆಡಿಕೊಂಡರು. ಆದರೆ ಬ್ಯಾಂಕಿನ ಮ್ಯಾನೇಜರು ನಗಲಿಲ್ಲ. ಅವರು ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. ನಿಮ್ಮ ಸಂಬಳ ನೋಡಿ ಎಷ್ಟು ಕೊಡಬಹುದೆಂದು ಮೊದಲೇ ಬರೆದುಕೊಡುತ್ತೇನೆ, ಆಮೇಲೆ ಮನೆ ಗೊತ್ತಾದಾಗ ಅದರ ಪತ್ರ ನಮ್ಮಲ್ಲಿ ಅಡಮಾನ ಇಡಿ ಅಂದರಂತೆ. ಒಂದೇ ತೊಡಕು. ಇಬ್ಬರು ಕಾಯಂ ಸರಕಾರಿ ನೌಕರರ ಜಾಮೀನು ಬೇಕು. ಶಾಲೆಯ ಹೆಡ್‌ಮಾಸ್ತರರು ಒಬ್ಬರು ಒಪ್ಪಿದರು. ಇನ್ನೊಬ್ಬರು ಯಾರು?

ಅರ್ಜಿಯಲ್ಲಿ ತಾಯಿಯ ಉದ್ಯೋಗ ಅಂತ ಒಂದು ಕಡೆ ಇತ್ತು. ಮಗಳು ಅಲ್ಲಿ ಮನೆಗೆಲಸ ಅಂತ ಬರೆದಳು. ಯಾಕೆಂದರೆ ಆ ಬ್ಯಾಂಕಿನ ಒಬ್ಬ ಗುಮಾಸ್ತ ನಮ್ಮ ಮನೆ ಮಾಲಕಿಯ ತಮ್ಮ. ಬರೆದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಬರಿ ಬರಿ ಅಂದವಳೂ ನಾನೇ.

ಎರಡನೇ ಜಾಮೀನಿಗೆ ನಮಗೆ ಹೊಳೆದದ್ದು ನನ್ನ ಭಾವನ ಮಗ. ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮಂದಿಯಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವವನು ಅವನೊಬ್ಬನೇ. ಜಾಮೀನು ಅಂದರೆ ದೊಡ್ಡ ಮನುಷ್ಯನ ಸಹಿ ಅಂತ ನಮ್ಮ ತಲೆಯಲ್ಲಿ ಕೂತಿತ್ತು. ದೊಡ್ಡ ಮನುಷ್ಯನನ್ನು ಬರಿಗೈಲಿ ಕೇಳುವಂತಿಲ್ಲ, ಕರೆದು ಉಣಿಸಿ ಕೇಳಬೇಕು. ಕರೆದೆವು. ಬಂದ. ಕೋಳಿ ಸಾರು ಚೆನ್ನಾಗಿದೆ, ಮುಂದಿನ ಭಾನುವಾರ ಮಾತಾಡೋಣ ಅಂದ.

ಆ ಮುಂದಿನ ಭಾನುವಾರ ಒಂದು ವರ್ಷ ನಡೆಯಿತು. ಅಮಾವಾಸ್ಯೆ ಕಳೆಯಲಿ, ಹಬ್ಬ ಮುಗಿಯಲಿ, ಸಾಹೇಬರು ರಜೆಯಿಂದ ಬರಲಿ. ಪ್ರತಿ ಸಲ ಕೋಳಿಯ ಕಾಲು ಎರಡೂ ಅವನ ತಟ್ಟೆಗೇ. ಮೊಮ್ಮಗಳು ಒಂದು ಕೇಳಿದರೆ ನಾವೇ ಅವಳ ಬಾಯಿ ಮುಚ್ಚುತ್ತಿದ್ದೆವು. ಮೂಳೆ ಚೀಪಿ ಚೀಪಿ ಚಾಪೆಯ ಮೇಲೆ ಇಡುತ್ತಿದ್ದ. ತಟ್ಟೆಯಲ್ಲೇ ಕೈ ತೊಳೆದು, ಆ ಎಂಜಲು ನೀರಿಗೇ ಬಾಯಿ ಮುಕ್ಕಳಿಸಿ ಉಗುಳಿ, ತಟ್ಟೆಯನ್ನು ನನ್ನ ಮಗಳ ಕೈಗೆ ಕೊಡುತ್ತಿದ್ದ. ಆಮೇಲೆ ಎಲೆ ಅಡಿಕೆ. ಕೂಸು ಆಡುವ ಕಡೆಯ ಗೋಡೆ ಬುಡಕ್ಕೇ ಉಗುಳುತ್ತಿದ್ದ. ಆ ಕೆಂಪು ಕಲೆಯನ್ನು ನಾನು ಭಾನುವಾರ ಸಂಜೆ ಕೂತು ತಿಕ್ಕುತ್ತಿದ್ದೆ. ಆಸ್ಪತ್ರೆಯ ನೆಲ ನೀರು ಹಾಕಿದರೆ ಬಿಡುತ್ತದೆ, ಇದು ಬಿಡುತ್ತಿರಲಿಲ್ಲ.

ನಡುವೆ ಅವನಿಗೆ ಸಫಾರಿ ಸೂಟಿನ ಆಸೆ ಹುಟ್ಟಿತು. ಆಗ ಕಚೇರಿಯವರೆಲ್ಲ ಸಫಾರಿ ಹಾಕುವ ಕಾಲ. ಅಳಿಯ ಬಟ್ಟೆಯನ್ನೂ ತಾನೇ ತಂದು ಹೊಲಿದುಕೊಟ್ಟ. ಕಂಕುಳಲ್ಲಿ ಬಿಗಿ ಅಂತ ವಾಪಸು ಬಂತು. ಬಿಚ್ಚಿ ಹೊಲಿದ. ಜೇಬು ಸೊಟ್ಟ ಅಂತ ಮತ್ತೆ ಬಂತು. ಅವನ ಬೆವರಿನ ವಾಸನೆ ಹೊತ್ತ ಅಂಗಿಯನ್ನು ಅಳಿಯ ಮೂರನೇ ಸಲ ಹೊಲಿಗೆ ಯಂತ್ರಕ್ಕೆ ಹಾಕಿದಾಗ, ಮಗಳು ಎದ್ದು ಹೊರಗೆ ಹೋದಳು.

ಕಡೆಯ ಭಾನುವಾರ ಅವನು ಅದೇ ಸಫಾರಿ ಹಾಕಿಕೊಂಡು ಬಂದಿದ್ದ. ಉಂಡಾದ ಮೇಲೆ ನಾನು, ಈ ವಾರವಾದರೂ ಬ್ಯಾಂಕಿಗೆ ಬಂದು ಹೋಗಪ್ಪ ಅಂತ ಕೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಚಿಗವ್ವ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ. ಜಾಮೀನು ಅಂದ್ರ ನಮ್ಮ ಆಫೀಸಿಗೆ ಪತ್ರ ಬರ್ತೈತಿ. ಇವ್ರು ನಿಮಗ ಏನಾಗ್ಬೇಕು ಅಂತ ಕೇಳ್ತಾರ. ನಾ ಯಾವ ಮಂದಿ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಮನಿ ಬಾಡಿಗಿ, ಎಲ್ಲಾ ಹಂಗ ನಡದೈತಿ. ನಿಮ್ಮ ಹೆಸರಿನ ಬಾಜೂಕ ನನ್ನ ಹೆಸರು ಬ್ಯಾಡ."

"ಹಂಗಾರ ಒಂದ್ ವರ್ಷ ಯಾಕ ಉಂಡಿ ಅಣ್ಣ?" ಅಂದಳು ಮಗಳು.

"ನೀವು ಕರದ್ರಿ, ನಾ ಬಂದೆ."

ಎಂದೂ ಮಾತಾಡದ ಅಳಿಯ ಮೂಲೆಯಿಂದ ಅಂದ, "ಭಾವಾರ, ಹೋಗ್ತಾ ಸಫಾರಿ ಇಲ್ಲೇ ಬಿಚ್ಚಿಟ್ಟು ಹೋಗ್ರಿ."

ಅವನು ಕೊರಳ ಗುಂಡಿಯವರೆಗೂ ಹಾಕಿಕೊಂಡು ಎದ್ದು ಹೋದ. ಹೋಗುವಾಗಲೂ ಉಗುಳಿಯೇ ಹೋದ.

ಅವನಿಗೆ ಶಾಪ ಹಾಕುತ್ತ ನಾನು ಅಂಗಳದಲ್ಲಿ ಕೂತಿದ್ದೆ. ದನಿ ಕೇಳಿಸಿತೇನೋ, ಮನೆ ಮಾಲಕಿ ಬಂದಳು. ಏನು ಗದ್ದಲ ಅಂತ ನಮ್ಮನ್ನು ಕೇಳಲಿಲ್ಲ. ಮೊಮ್ಮಗಳ ಗದ್ದ ಹಿಡಿದು, ನಿಮ್ಮಜ್ಜಿ ಊರಾಗ ಏನ್ ಮಾಡ್ತಾಳ ಅಂತ ಕೇಳಿದಳು. ಕೂಸು ಕೈಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಹೇಳಿತು.

"ನಮ್ಮಜ್ಜಿ ಮನಿಗೆಲ್ಸ ಮಾಡ್ತಾಳ."

ಅದಕ್ಕೆ ಆಗ ಸರಿಯಾಗಿ ರ ಕಾರ ಬರುತ್ತಿರಲಿಲ್ಲ. ಸುಳ್ಳು ಮಾತ್ರ ಪೂರ್ತಿ ಬರುತ್ತಿತ್ತು. ಕಲಿಸಿದವರು ನಾವು. ಆ ಸಫಾರಿಯವನು ತನ್ನ ಕಚೇರಿಯಲ್ಲಿ ಮಾಡುತ್ತಿದ್ದದ್ದನ್ನೇ ನಾವು ಈ ಅಂಗಳದಲ್ಲಿ ಮಾಡುತ್ತಿದ್ದೆವು. ಅವನು ನಮ್ಮನ್ನು ಮುಚ್ಚಿಟ್ಟ. ನಾವು ನನ್ನನ್ನು ಮುಚ್ಚಿಟ್ಟೆವು. ಅವನ ಮೇಲೆ ಬಂದಿದ್ದ ಹೇಸಿಗೆ ಅಷ್ಟೂ ತಿರುಗಿ ನನ್ನ ಮೇಲೇ ಬಂತು. ಸೀಗೆಕಾಯಿ ಹಾಕಿ ತಿಕ್ಕಿಕೊಂಡ ಮೊಣಕೈ ನೋಡಿಕೊಂಡೆ. ಆ ಕೈ ದುಡಿದು ತಂದದ್ದನ್ನು ಉಂಡೇ ಈ ಮನೆ ಇಲ್ಲಿವರೆಗೆ ಬಂದದ್ದು.

ಮಾಲಕಿ ಹೋದ ಮೇಲೆ ಮಗಳನ್ನು ಕರೆದೆ.

"ನಂದೂ ಸರಕಾರಿ ಕೆಲಸ ಅಲ್ಲೇನವ್ವ? ಕಾಯಂ ಅಲ್ಲೇನು?"

ಅವಳು ನನ್ನ ಮುಖವನ್ನೇ ನೋಡಿದಳು. ಒಂದು ವರ್ಷ ಕುರ್ಚಿ ಮೇಲೆ ಕೂತವನನ್ನು ಹುಡುಕುತ್ತ ಹೋದೆವು. ಪೊರಕೆ ಹಿಡಿದವಳಿಗೂ ತಿಂಗಳಿಗೊಮ್ಮೆ ಸರಕಾರ ಸಂಬಳ ಕೊಡುತ್ತದೆ, ಹಾಜರಿ ಪುಸ್ತಕದಲ್ಲಿ ಅವಳೂ ಸಹಿ ಮಾಡುತ್ತಾಳೆ ಅನ್ನುವುದು ಟೀಚರಿಗೂ ಹೊಳೆಯಲಿಲ್ಲ, ಸಹಿ ಮಾಡುವ ನನಗೂ ಹೊಳೆಯಲಿಲ್ಲ.

"ಯವ್ವ, ಬ್ಯಾಂಕಿನಾಗ ಗೊತ್ತಾದ್ರ ಸಂಜೀಕ ಈ ಮಾಲಕಿಗೆ ಗೊತ್ತಾಗ್ತೈತಿ," ಅಂದಳು. "ಈ ಮನೀನೂ ಬಿಡಿಸ್ತಾಳ. ಅಲ್ಲಿ ಸಾಲಾನೂ ಸಿಗಲಿಲ್ಲ ಅಂದ್ರ, ಕೂಸಿನ್ನ ಎತ್ತಿಗೊಂಡು ಎಲ್ಲಿ ಹೋಗೂದು?"

ಅವಳ ಹೆದರಿಕೆ ಸುಳ್ಳಲ್ಲ. ಸುಳ್ಳಿನಿಂದ ಹಿಡಿದ ಮನೆ ಎಂದಿದ್ದರೂ ಬಿಡುವುದೇ ಅಂತ ಅಂದೆ. ಅಳಿಯ ಮೊದಲು ಹೂಂ ಅಂದ. ಮಗಳು ಮರುದಿನ ಬೆಳಿಗ್ಗೆ ಹೂಂ ಅಂದಳು.

ಆಸ್ಪತ್ರೆಯಿಂದ ಸಂಬಳದ ಸರ್ಟಿಫಿಕೇಟು ಬರೆಸಿಕೊಂಡು ಎರಡು ದಿನ ಬಿಟ್ಟು ಬಸ್ಸು ಹತ್ತಿದೆ. ಆವತ್ತು ಸೀಗೆಕಾಯಿ ಮುಟ್ಟಲಿಲ್ಲ. ಬೆಳಗಿನ ಕೆಲಸ ಮುಗಿಸಿ, ನೀಲಿ ಸೀರೆಯಲ್ಲೇ ಹೊರಟೆ. ಬ್ಯಾಂಕಿನ ಬಾಗಿಲಲ್ಲಿದ್ದ ಜವಾನ ನನ್ನ ಸೀರೆ ನೋಡಿ, ಸಂಡಾಸು ಹಿಂದೈತಿ, ಆ ಕಡೆಯಿಂದ ಬಾ ಅಂದ. ತೊಳೆಯಲು ಬಂದವಳು ಅಂದುಕೊಂಡ. ನಾನು ಜಾಮೀನು ಹಾಕಲು ಬಂದವಳು ಅಂದೆ. ಅವನು ನಕ್ಕ. ಒಳಗಿನ ಗುಮಾಸ್ತ, ಅದೇ ಮಾಲಕಿಯ ತಮ್ಮ, ಮೂಗಿಗೆ ಕರ್ಚೀಪು ಹಿಡಿದ. ಅವನ ಮೇಜಿನ ಕೆಳಗೆ ನೋಡಿದೆ. ಎಲೆ ಅಡಿಕೆ ಉಗುಳಿದ ಮಡಕೆ, ಮೇಲೆ ನೊಣ. ಹತ್ತು ವರ್ಷದಿಂದ ಯಾರೂ ತೊಳೆದಂತೆ ಕಾಣಲಿಲ್ಲ.

ಮಗಳು ಮೊದಲೇ ಮ್ಯಾನೇಜರ ಕೋಣೆಯಲ್ಲಿ ಕೂತಿದ್ದಳು. ಮ್ಯಾನೇಜರು ನನ್ನ ಕಾಗದವನ್ನು ಎರಡು ಸಲ ಓದಿದರು. ಕಾಯಂ ನೌಕರಿ ಹೌದು, ಇನ್ನೂ ಒಂಬತ್ತು ವರ್ಷ ಸೇವೆ ಇದೆ ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಇವರು ನಿಮಗೆ ಏನಾಗಬೇಕು?"

ಕೋಣೆಯ ಬಾಗಿಲು ತೆರೆದೇ ಇತ್ತು. ಕರ್ಚೀಪಿನವನು ಬರೆಯುವುದು ನಿಲ್ಲಿಸಿದ್ದು ನನಗೆ ಕಾಣುತ್ತಿತ್ತು. ಮಗಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಅವಳು ಪಕ್ಕದ ಮನೆಯಾಕೆ ಅಂದರೂ ನಾನು ಸುಮ್ಮನಿರುತ್ತಿದ್ದೆ, ಇದು ಖರೆ.

"ನಮ್ಮವ್ವ ರೀ," ಅಂದಳು. ಹೊರಗಿನವರೆಗೂ ಕೇಳುವ ಹಾಗೆ, ಪಾಠ ಹೇಳುವ ದನಿಯಲ್ಲಿ ಅಂದಳು.

ಅರ್ಜಿಯಲ್ಲಿ ಬೇರೆ ಬರೆದಿದ್ದೀರಲ್ಲ ಅಂದರು ಮ್ಯಾನೇಜರು. ಅವಳು ಅವರ ಪೆನ್ನನ್ನೇ ಇಸಿದುಕೊಂಡು, ಮನೆಗೆಲಸ ಅನ್ನುವುದಕ್ಕೆ ಅಡ್ಡಗೆರೆ ಎಳೆದು, ಮೇಲೆ ನನ್ನ ಕೆಲಸವನ್ನು ಇದ್ದ ಹಾಗೇ ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ತಾಯಿ ಜಾಮೀನು ಹಾಕಬಾರದು ಅಂತ ಎಲ್ಲೂ ಇಲ್ಲ ಅಂದರು ಅವರು. ನನಗೆ ಕುರ್ಚಿ ತೋರಿಸಿ ಪೆನ್ನು ಕೊಟ್ಟರು.

"ಒಂದು ವರ್ಷದಿಂದ ಇವರು ಜಾಮೀನುದಾರರಿಲ್ಲ ಎಂದು ಅಲೆಯುತ್ತಿದ್ದಾರೆ. ನೀವು ಎಲ್ಲಿದ್ದಿರಿ ಅಮ್ಮ?"

"ಕೂಡ್ಲಿಗ್ಯಾಗ ಇದ್ದೆ ರೀ," ಅಂದೆ. "ಯಾರೂ ಕೇಳಲಿಲ್ಲ."

ಸಹಿ ಮಾಡಿದೆ. ಹಾಜರಿ ಪುಸ್ತಕದಲ್ಲಿ ಮಾಡುವ ಸಹಿಯೇ, ಸ್ವಲ್ಪ ದೊಡ್ಡದಾಯಿತು. ಗೆರೆ ದಾಟಿತು.

ಮಗಳ ಲೆಕ್ಕ ತಪ್ಪಲಿಲ್ಲ. ಸಂಜೆಯೊಳಗೆ ಮಾಲಕಿಗೆ ಸುದ್ದಿ ಮುಟ್ಟಿತು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಅಂದಳು. ತನ್ನ ಬಾವಿಗೆ ನಮಗಾಗಿ ಬೇರೆ ಹಗ್ಗ ಹಾಕಿಸಿದಳು. ನನ್ನ ಮಗಳು ಶಾಲೆಗೆ ಹೋದ ಹಿಂದೆಯೇ ದಾರಿಗೆ ಸೆಗಣಿ ನೀರು ಚಿಮುಕಿಸುತ್ತಿದ್ದಳು. ಎರಡು ವರ್ಷ ಅದೇ ಮಗಳ ಕೈಯ ಬಾಡಿಗೆ ರೊಕ್ಕವನ್ನು ಕಣ್ಣಿಗೊತ್ತಿಕೊಂಡು ಎಣಿಸಿದವಳು. ಮುಂದಿನ ಎರಡು ವಾರ ಮಗಳಿಗೆ ಊಟ ಸೇರಲಿಲ್ಲ. ಬ್ಯಾಂಕಿನವರು ಇಲ್ಲ ಅಂದರೆ ಏನು ಗತಿ ಅಂತ ನಾನು ಕೂಡ್ಲಿಗಿಯಲ್ಲಿ ಒಂದೇ ನೆಲವನ್ನು ಎರಡೆರಡು ಸಲ ಗುಡಿಸಿದೆ.

ಆಮೇಲೆ ಆ ಕಾಗದ ಬಂತು. ಅದನ್ನು ಮೊದಲೇ ಹೇಳಿದೆನಲ್ಲ. ಸುದ್ದಿ ತಿಳಿದು ಮಧ್ಯಾಹ್ನದ ಬಸ್ಸಿಗೇ ಬಂದಿದ್ದೆ, ಮತ್ತೆ ನೀಲಿ ಸೀರೆಯಲ್ಲೇ. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಅಳಿಯ ನಾಳೆಯಿಂದಲೇ ಮನೆ ನೋಡಲು ಹೊರಡೋಣ ಅಂದ. ಹಡಗಲಿಯ ಕಡೆ ಒಂದಿದೆಯಂತೆ, ಇಲ್ಲೇ ಕೊಟ್ಟೂರಿನಲ್ಲಿ ಎರಡಿವೆಯಂತೆ. ಈ ಸಲ ಬಾವಿ ಕಂಡು ನೀನು ಬಾಯಿ ಬಿಡಬಾರದು ಅಂತ ಮಗಳು ನನ್ನಿಂದ ಆಣೆ ಹಾಕಿಸಿದಳು. ಕಾಗದವನ್ನು ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟು, ಮತ್ತೆ ತೆಗೆದು ಓದಿ, ಮತ್ತೆ ಇಟ್ಟಳು.

ಸಂಜೆ ಹೊತ್ತು ಮುಳುಗುವ ಮೊದಲೇ ನಾಲ್ಕೂ ಜನ ಉಣ್ಣಲು ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಪಾವು ಬೇಳೆಯ ಹೋಳಿಗೆ, ಮತ್ತೆ ಒಂದು ಕೋಳಿ. ಉಣ್ಣುವಾಗ ಯಾವಾಗಲೂ ಹಾಕುತ್ತಿದ್ದ ಮುಂದಿನ ಬಾಗಿಲನ್ನು ಆವತ್ತು ಅಳಿಯ ಪೂರ್ತಿ ತೆಗೆದಿಟ್ಟ. ಮಾಲಕಿ ಎದುರಿನ ಕಟ್ಟೆಯ ಮೇಲೆ ನಿಂತು ನಮ್ಮ ತಟ್ಟೆಗಳನ್ನೇ ನೋಡುತ್ತಿದ್ದಳು. ನನ್ನ ತೊಡೆ ಮೇಲೆ ಕೂತ ಮೊಮ್ಮಗಳು ಅವಳನ್ನು ಕಂಡು, ಬಾಯಲ್ಲಿ ತುತ್ತು ಇದ್ದಂತೆಯೇ ಕೂಗಿದಳು.

"ಅಮ್ಮಾಲ, ನಮ್ಮಜ್ಜಿ ದವಾಖಾನಿ ತೊಳಿತಾಳ."

ಮಾಲಕಿ ಒಳಗೆ ಹೋದಳು. ಮಗಳು ಕೋಳಿಯ ಒಂದು ಕಾಲನ್ನು ಕೂಸಿನ ತಟ್ಟೆಗೆ ಹಾಕಿದಳು, ಇನ್ನೊಂದನ್ನು ನನ್ನ ತಟ್ಟೆಗೆ. ನಾನು ಬೇಡ ಅಂದೆ. ತಿನ್ನು ಯವ್ವ ಅಂದಳು. ತಿಂದೆ. ಅಳಿಯ ಎರಡನೇ ಹೋಳಿಗೆ ಬಡಿಸಿ, ಅದರ ಮೇಲೆ ತುಪ್ಪ ಸುರಿದ.